ಅವಳಿಗೆ ಕೊಡೋದೇ ನನಗೂ ಕೊಡಿ

ನಮ್ಮ ದೊಡ್ಡತ್ತಿಗೆ ಹೊಟ್ಟೆಕಿಚ್ಚಿನವಳು ಎಂದು ಹೊರಗಿನವರು ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ, ಜಗಳಕ್ಕೇ ನಿಲ್ಲುತ್ತೇನೆ. ಮನೆಯವಳು ನಾನು ಹೇಳಬಹುದು. ಹೌದು, ಅವಳಿಗೆ ಹೊಟ್ಟೆಕಿಚ್ಚು. ಬೀದಿಯವರ ಮೇಲಲ್ಲ, ನೆಂಟರ ಮೇಲಲ್ಲ. ಒಬ್ಬಳೇ ಒಬ್ಬಳ ಮೇಲೆ. ಅವಳ ಓರಗಿತ್ತಿ, ಅಂದರೆ ನನ್ನ ಎರಡನೇ ಅಣ್ಣನ ಹೆಂಡತಿ, ನಮ್ಮ ಚಿಕ್ಕತ್ತಿಗೆಯ ಮೇಲೆ.

ನಾವು ಮೂವರೂ ಇರುವುದು ಒಂದೇ ಮನೆಯಲ್ಲಿ, ಮೂವರೂ ಹೋಗುವುದು ಒಂದೇ ಶಾಲೆಗೆ. ದೊಡ್ಡತ್ತಿಗೆ ಅಲ್ಲಿ ಹೊಲಿಗೆ ಟೀಚರ್, ಚಿಕ್ಕತ್ತಿಗೆ ಆಟದ ಟೀಚರ್. ನಾನು ಬೆಳಿಗ್ಗೆ ಬಾಗಿಲು ತೆಗೆದು, ಗಂಟೆ ಹೊಡೆದು, ಸಂಜೆ ಬೀಗ ಹಾಕುವವಳು. ಮಕ್ಕಳು ನನ್ನನ್ನು ಕೀಲಿ ಅಕ್ಕ ಅನ್ನುತ್ತಾರೆ. ಟೀಚರುಗಳು ಬಂದರೆ ಎದ್ದು ನಿಲ್ಲುವ ಮಕ್ಕಳು ನಾನು ಬಂದರೆ ಕೂತಲ್ಲಿಂದಲೇ ಹಲ್ಲು ಕಿರಿಯುತ್ತಾರೆ. ಅದಿರಲಿ, ಇದು ನನ್ನ ಕಥೆಯಲ್ಲ.

ದೊಡ್ಡತ್ತಿಗೆ ನಮ್ಮ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಕೈಮಿಷನ್ನು, ಅವಳ ತಾಯಿ ಬಳಸಿ ಬಳಸಿ ಹಿಡಿಕೆ ಸವೆದದ್ದು. ನಾನಾಗ ಚಿಕ್ಕವಳು. ನನ್ನ ಶಾಲೆಯ ಬಟ್ಟೆಯನ್ನು ಮೊದಲ ಸಲ ಮೈಗೆ ಸರಿಯಾಗಿ ಹೊಲಿದುಕೊಟ್ಟವಳು ಅವಳೇ. ಅದನ್ನು ನೋಡಿದ ಹೆಡ್‌ಮೇಡಂ, ನಮ್ಮ ಹುಡುಗಿಯರಿಗೂ ಕಲಿಸಿಕೊಡು ಬಾ ಎಂದು ಕರೆದರು. ಕೊಟ್ಟ ಜಾಗ ಮೆಟ್ಟಿಲ ಕೆಳಗಿನ ಸಂದು. ಬಿಡುವಿನ ಗಂಟೆ ಹೊಡೆದರೆ ಇಡೀ ಶಾಲೆ ಅವಳ ತಲೆಯ ಮೇಲೆ ದಡದಡ ಇಳಿಯುತ್ತಿತ್ತು, ಮೇಲಿನಿಂದ ಧೂಳು ಉದುರುತ್ತಿತ್ತು. ಅವಳು ಹಳೇ ಚಾದರವೊಂದನ್ನು ಬಟ್ಟೆಗಳ ಮೇಲೆ ಹೊದಿಸಿ, ಸದ್ದು ನಿಂತ ಮೇಲೆ ಕೊಡವಿ, ಮತ್ತೆ ಶುರುಮಾಡುತ್ತಿದ್ದಳು. ಒಂದು ದಿನವೂ ಗೊಣಗಿದ್ದು ನಾನು ಕೇಳಿಲ್ಲ.

ಗೊಣಗಾಟ ಶುರುವಾದದ್ದು ಚಿಕ್ಕತ್ತಿಗೆ ಬಂದ ಮೇಲೆ. ಅವಳು ಎತ್ತರದ ಹೆಂಗಸು, ಓಟಗಾರ್ತಿ, ಕೊರಳಲ್ಲಿ ಸೀಟಿ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದವಳೇ ಅಲ್ಲ. ಬಾಯಿ ತುಂಬ ನಗು, ಹೊಟ್ಟೆ ತುಂಬ ಊಟ, ಕಣ್ಣು ಮುಚ್ಚಿದರೆ ನಿದ್ದೆ. ಶಾಲೆಯಲ್ಲಿ ಒಂದು ಸೀಟಿ ಊದಿದರೆ ಮಕ್ಕಳೆಲ್ಲ ಬಂದು ಸಾಲಾಗಿ ನಿಲ್ಲುತ್ತಿದ್ದರು. ಆ ಸೀಟಿ ಕೇಳಿದರೆ ಹೊಲಿಗೆ ಹುಡುಗಿಯರ ಕುತ್ತಿಗೆ ತಾನಾಗಿ ಹೊರಗೆ ತಿರುಗುತ್ತಿತ್ತು. "ಏನದು ಬಾಯಿ ಬಿಟ್ಕೊಂಡು ನೋಡೋದು? ಸೂಜಿ ಬೆರಳಿಗೆ ಹೋದೀತು, ಇಲ್ಲಿ ನೋಡ್ರೇ!" ಎಂದು ದೊಡ್ಡತ್ತಿಗೆ ಗದರುತ್ತಿದ್ದಳು. ಗದರಿದ ಮೇಲೆ ತಾನೂ ಒಮ್ಮೆ ಹೊರಗೆ ನೋಡುತ್ತಿದ್ದಳು.

ಆಮೇಲಿಂದ ಅವಳದು ಒಂದೇ ಲೆಕ್ಕ. "ಅವಳಿಗೆ ಹೊಸ ಕಪಾಟು ಬಂತಂತೆ. ನನಗೆ?" "ಅವಳ ಮಕ್ಕಳಿಗೆ ಪಂದ್ಯಕ್ಕೆ ಹೋಗೋಕೆ ಬಸ್ಸು ಕೊಟ್ರಂತೆ. ನನ್ನ ಹುಡುಗೀರು ನಡ್ಕೊಂಡು ಹೋದ್ರೆ ಕಾಲು ಸವೆಯಲ್ವಾ?" ಆಟದ ಕೋಣೆಯಲ್ಲಿ ಯಾವ ಚೆಂಡಿನ ಗಾಳಿ ಹೋಗಿದೆ ಎಂಬುದು ಚಿಕ್ಕತ್ತಿಗೆಗಿಂತ ದೊಡ್ಡತ್ತಿಗೆಗೇ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲೂ ಅಷ್ಟೇ. ಅವಳ ತಟ್ಟೆ, ಅವಳ ಚಪ್ಪಲಿ, ಅವಳ ಗಂಡ ಅವಳ ಕಡೆ ನೋಡುವ ನೋಟ, ಎಲ್ಲವೂ ಇವಳ ಕಣ್ಣಿಗೆ ಬೀಳಬೇಕು. ನನ್ನ ದೊಡ್ಡಣ್ಣ ಊಟಕ್ಕೆ ಕೂತಾಗ ಪತ್ರಿಕೆಯಿಂದ ತಲೆಯೆತ್ತದ ಪ್ರಾಣಿ. ಅವನು ಹೇಗೆ ನೋಡಿಯಾನು, ಪಾಪ.

ಹೀಗಿರುವಾಗ ನಮ್ಮ ಭಾಗದ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮಂಡಳಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಮಕ್ಕಳಿಗೆ ಪಾಠವೊಂದೇ ಸಾಲದು, ಆಟಕ್ಕೊಂದು ಒಳ್ಳೆಯ ಕಟ್ಟಡ, ಕೈಕೆಲಸಕ್ಕೊಂದು ಒಳ್ಳೆಯ ಕಟ್ಟಡ ಕಟ್ಟಿಸುತ್ತೇವೆ ಎಂದರು. ಹೊಲಿಗೆ ತರಗತಿಗೆ ಸರ್ಟಿಫಿಕೇಟೂ ಕೊಡುತ್ತೇವೆ, ಓದು ಬಿಟ್ಟ ಹುಡುಗಿಯರು, ತಾಯಂದಿರು ಕೂಡ ಸೇರಬಹುದು, ವರ್ಷದ ಕೊನೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ ಎಂದರು. ಆ ಸರ್ಟಿಫಿಕೇಟು ಇದ್ದರೆ ಬಟ್ಟೆ ಕಾರ್ಖಾನೆಯಲ್ಲಿ ನೇರ ಕೆಲಸ. ಮೊದಲ ತಂಡವೇ ಫೇಲಾದರೆ ಮಾತ್ರ ತರಗತಿ ಮುಚ್ಚುತ್ತಾರೆ ಎಂದು ಹೆಡ್‌ಮೇಡಂ ಆಗಲೇ ಕಿವಿಮಾತು ಹೇಳಿದ್ದರು.

ದೊಡ್ಡತ್ತಿಗೆಯ ಖುಷಿ ಕೇಳಬೇಕೆ! ದಿನಾ ಅಡುಗೆಮನೆಯಲ್ಲಿ ನನ್ನ ಮುಂದೆ ಕಟ್ಟಡ ಕಟ್ಟುತ್ತಿದ್ದಳು. ಕಿಟಕಿ ಕೆಳಗಿರಬೇಕು, ಬೆಳಕು ನೇರ ಸೂಜಿಯ ಮೇಲೆ ಬೀಳಬೇಕು. ನೆಲ ಗಟ್ಟಿ ಸಿಮೆಂಟಿರಬೇಕು, ಮಿಷನ್ನು ಅಲ್ಲಾಡಬಾರದು. ಇದೆಲ್ಲ ನನಗೇ ಬಾಯಿಪಾಠವಾಗಿತ್ತು. ಇಂಜಿನಿಯರ್ ಬರುವ ದಿನ ಏನು ಹೇಳಬೇಕೆಂದು ಅವಳಿಗೆ ನಿದ್ದೆಯಲ್ಲೂ ಗೊತ್ತಿತ್ತು.

ಇಂಜಿನಿಯರ್ ಬಂದ. ಬಂದವನು ಮೊದಲು ಕೇಳಿದ್ದು ಚಿಕ್ಕತ್ತಿಗೆಯನ್ನು. ತಪ್ಪಾದದ್ದು ಅಲ್ಲೇ. ಅವಳು ಕೈಬೀಸಿ ಬೀಸಿ ಹೇಳಿದಳು: ಸೂರು ಎತ್ತರ ಇರಬೇಕು. ಕಿಟಕಿಗಳು ತೀರಾ ಮೇಲಿರಬೇಕು, ಇಲ್ಲವಾದರೆ ಚೆಂಡು ತಾಗಿ ಗಾಜು ಪುಡಿ. ನೆಲ ಮರದ್ದು, ಅಡಿಯಲ್ಲಿ ಪುಟಿಯುವ ಹಾಗೆ ಇರಬೇಕು, ಮಕ್ಕಳು ಹಾರಿ ಬಿದ್ದರೆ ಮಂಡಿ ಉಳಿಯಬೇಕು. ಇಂಜಿನಿಯರ್ "ಭೇಷ್ ಮೇಡಂ, ಎಲ್ಲ ತಿಳ್ಕೊಂಡಿದೀರ" ಎಂದ. ಆ ಭೇಷ್ ನಮ್ಮ ದೊಡ್ಡತ್ತಿಗೆಯ ಎದೆಗೆ ಹೋಗಿ ನಾಟಿತು. ಮುಖ ಕೆಂಪಾದದ್ದು ನಾನು ಕಂಡೆ.

"ನಿಮಗೇನು ಬೇಕು ಮೇಡಂ?" ಎಂದು ಅವನು ಇವಳ ಕಡೆ ತಿರುಗಿದ.

"ಅವಳಿಗೆ ಏನು ಕೊಡ್ತೀರೋ ನನಗೂ ಅದೇ ಕೊಡಿ" ಎಂದಳು. "ಒಂದು ಕೂದಲೆಳೆಯಷ್ಟೂ ಕಮ್ಮಿ ಆಗಬಾರದು."

ನಾನು ಪಕ್ಕದಲ್ಲೇ ಇದ್ದೆ, ತೋಳು ಚಿವುಟಿದೆ. ಕೊಡವಿಕೊಂಡಳು.

ಇಂಜಿನಿಯರ್ ತಲೆ ಕೆರೆದುಕೊಂಡ. "ಹೊಲಿಗೆಗೆ ಆ ನೆಲ ಯಾಕೆ ಮೇಡಂ?"

"ಯಾಕೆ, ನನ್ನ ಹುಡುಗೀರು ಮನುಷ್ಯರಲ್ವಾ?"

"ಕಿಟಕಿನೂ ಹಾಗೇನಾ?"

"ಅದೂ ಹಾಗೇ."

ಅವನಿಗೇನು ಹೋಗಬೇಕು, ಒಂದೇ ನಕ್ಷೆಯಲ್ಲಿ ಎರಡು ಕಟ್ಟಡ ಮುಗಿಯಿತು. ದಾರಿಯಲ್ಲಿ ನಾನು, "ಅತ್ತಿಗೇ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಸಿಮೆಂಟು ಸಿಮೆಂಟು ಅಂತಿದ್ದೆಯಲ್ಲ?" ಎಂದೆ. "ನೀನು ಸುಮ್ನಿರೇ. ಅವಳಿಗೆ ಮರ, ನನಗೆ ಸಿಮೆಂಟಾ?" ಎಂದಳು. ಇಂಥವಳಿಗೆ ಯಾವ ದೇವರು ಬಂದು ಬುದ್ಧಿ ಹೇಳಬೇಕು!

ಕಟ್ಟಡಗಳು ಎದ್ದವು. ಎದುರುಬದುರು, ಅಚ್ಚು ಹಾಕಿದಂತೆ ಒಂದೇ ಥರ. ಬೀಗ ತೆಗೆದ ಮೊದಲ ದಿನ ದೊಡ್ಡತ್ತಿಗೆ ಹಜ್ಜೆ ಹಾಕಿ ತನ್ನ ಕೋಣೆಯನ್ನು ಅಳೆದಳು, ಎದುರಿಗೆ ಹೋಗಿ ಓರಗಿತ್ತಿಯ ಕೋಣೆಯನ್ನೂ ಅಳೆದಳು. ಎರಡೂ ಸಮ. ಆ ಸಂಜೆ ಅವಳು ಹಾಡು ಗುನುಗಿದ್ದನ್ನು ನಾನು ಕಿವಿಯಾರೆ ಕೇಳಿದೆ. ಹೊಸ ಮಿಷನ್ನುಗಳು ಬಂದವು, ಹುಡುಗಿಯರು ಸಾಲಾಗಿ ಕೂತರು. ಎಲ್ಲರೂ ಒಟ್ಟಿಗೆ ಪೆಡಲು ತುಳಿದರು ನೋಡಿ, ನೆಲ ಕುಣಿಯತೊಡಗಿತು!

ಒಬ್ಬಳು ತುಳಿದರೆ ಮೂರನೆಯವಳ ಸೂಜಿ ನಡುಗುತ್ತದೆ. ಮೇಜಿನ ಮೇಲಿಟ್ಟ ಕತ್ತರಿ ತಾನೇ ನಡೆದು ಹೋಗಿ ಕೆಳಗೆ ಬೀಳುತ್ತದೆ. ಗುಂಡುಸೂಜಿ ಬಿದ್ದರೆ ಹಲಗೆಗಳ ಸಂದಿಗೆ ಸೇರಿ ಮಾಯ. ಬೆಳಕೋ, ಎದುರು ಗೋಡೆಯ ಮೇಲ್ಭಾಗಕ್ಕೆ ಬಿದ್ದು ಅಲ್ಲೇ ಕೂತಿರುತ್ತದೆ, ಕೆಳಗಿನವರಿಗೆ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದು. ಕಾಲರಿನ ಹೊಲಿಗೆ ಒಂದೂ ನೆಟ್ಟಗೆ ಬರಲಿಲ್ಲ. ಮಿಷನ್ನಿನ ಕಾಲಿಗೆ ರಬ್ಬರು ಕೊಟ್ಟೆವು, ಹಲಗೆ ಕೊಟ್ಟೆವು, ಏನೂ ಪ್ರಯೋಜನವಾಗಲಿಲ್ಲ. "ಹೊಸ ನೆಲ, ಪಳಗಬೇಕು" ಎಂದಳು ದೊಡ್ಡತ್ತಿಗೆ. ನೆಲವೇನು ಕರುವೇ, ಪಳಗಲಿಕ್ಕೆ?

ಎದುರಿನ ಕಟ್ಟಡದಲ್ಲಿ ಚಿಕ್ಕತ್ತಿಗೆಯ ಮಕ್ಕಳು ಹಾರಿ, ನೆಗೆದು, ಬಿದ್ದು, ನಗುತ್ತಿದ್ದರು. ಆ ನಗು ಕೇಳಿದಷ್ಟೂ ಇವಳು ಹಲ್ಲು ಕಚ್ಚಿ ಬಿಗಿಯಾದಳು. ಪರೀಕ್ಷೆ ಹತ್ತಿರ ಬಂತು. ಹಿಂದೆಂದೂ ಹುಡುಗಿಯರ ಕೈಯನ್ನು ಬೈಯದವಳು ಈಗ ಬೈಯಲು ಶುರುಮಾಡಿದಳು. ಅವಳ ತರಗತಿಯಲ್ಲಿ ಪಟಪಟಿ ಎಂಬ ಅಡ್ಡಹೆಸರಿನ ಒಬ್ಬ ಹುಡುಗಿ ಇದ್ದಳು, ಬಾಯಿ ಎಷ್ಟು ಜೋರೋ ಕೈಯೂ ಅಷ್ಟೇ ಚುರುಕು. ಮದುವೆಯಾಗಿ, ಗಂಡನ ಮನೆ ಬಿಟ್ಟು, ತಾಯಿಯ ಮನೆಗೆ ವಾಪಸು ಬಂದವಳು. ಕಾರ್ಖಾನೆಯ ಕೆಲಸವೊಂದೇ ಅವಳಿಗಿದ್ದ ದಾರಿ. ಒಂದು ದಿನ ದೊಡ್ಡತ್ತಿಗೆ ಅವಳ ಅಂಗಿಯನ್ನು ಎಲ್ಲರ ಮುಂದೆ ಎತ್ತಿಹಿಡಿದು, "ಇದೇನು ಹೊಲಿಗೆನಾ, ಇರುವೆ ಓಡಿದ ದಾರಿನಾ? ಹೀಗೆ ಹೊಲಿದ್ರೆ ನಿನ್ನ ಯಾರು ಕೆಲಸಕ್ಕೆ ತಗೋತಾರೆ?" ಎಂದಳು. ಪಟಪಟಿಯ ಬಾಯಿ ಬಂದ್ ಆಯಿತು. ನಾನು ನೀರಿನ ಕೊಡ ಇಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ.

ಮಾರನೇ ದಿನ ಪಟಪಟಿ ಅದೇ ಬಟ್ಟೆಯ ಇನ್ನೊಂದು ಅಂಗಿ ತಂದು ಮೇಜಿನ ಮೇಲಿಟ್ಟಳು. ಕಾಲರು, ತೋಳು, ಅಂಚು, ಎಲ್ಲ ಗೆರೆ ಎಳೆದಂತೆ ನೆಟ್ಟಗಿತ್ತು.

"ಯಾರು ಹೊಲಿದದ್ದು?" ಎಂದಳು ದೊಡ್ಡತ್ತಿಗೆ.

"ನಾನೇ ಟೀಚರ್. ಮನೇಲಿ. ಅಮ್ಮನ ಹಳೇ ಮಿಷನ್ನಲ್ಲಿ." ಕಾಲರಿನ ಮೇಲೆ ಬೆರಳಿಟ್ಟು ಹೇಳಿದಳು: "ಮನೇಲಿ ಹೊಲಿದ್ರೆ ನೆಟ್ಟಗೆ ಬರುತ್ತೆ ಟೀಚರ್. ಇಲ್ಲಿ ಹೊಲಿದ್ರೇನೇ ಬರಲ್ಲ. ಪರೀಕ್ಷೆ ಇಲ್ಲೇ ಅಲ್ವಾ?" ಅಷ್ಟು ಹೇಳುವಷ್ಟರಲ್ಲಿ ಅತ್ತೇಬಿಟ್ಟಳು.

ದೊಡ್ಡತ್ತಿಗೆ ಆ ಅಂಗಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಅವಳ ಹಳೇ ಆಟದ ಕೋಣೆಯ ಕೀಲಿ ಕೊಡು" ಎಂದಳು. ಹೊಸ ಕಟ್ಟಡ ಬಂದ ಮೇಲೆ ಚಿಕ್ಕತ್ತಿಗೆಯ ಆ ಹಳೇ ಕೋಣೆ ಖಾಲಿ ಬಿದ್ದಿತ್ತು. ಬಾಗಿಲು ತೆಗೆದೆ. ಹಳಸಿದ ಬೆವರಿನ ವಾಸನೆ. ಆದರೆ ಕೆಳಗೆ ಗಟ್ಟಿ ಸಿಮೆಂಟು, ಎರಡೂ ಕಡೆ ಸೊಂಟದ ಎತ್ತರದಿಂದ ಶುರುವಾಗುವ ಅಗಲ ಕಿಟಕಿ. ಅವಳು ಅಡುಗೆಮನೆಯಲ್ಲಿ ದಿನಾ ಕಟ್ಟುತ್ತಿದ್ದ ಕೋಣೆಯೇ ಅದು. ಇಷ್ಟು ವರ್ಷ ಅದು ಓರಗಿತ್ತಿಯ ಕೋಣೆ ಎಂದು ಉರಿದವಳೇ ಹೊರತು ಅದರ ನೆಲ, ಕಿಟಕಿ ನೋಡಿದವಳಲ್ಲ.

ಆ ವಾರದ ಟೀಚರುಗಳ ಸಭೆಗೆ ಚಹಾ ಕೊಡಲು ಹೋಗಿದ್ದ ನಾನು ಹೊರಗೆ ಬರದೆ ಅಲ್ಲೇ ನಿಂತೆ. ದೊಡ್ಡತ್ತಿಗೆ ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ.

"ಹೊಸ ಕಟ್ಟಡ ನನಗೆ ಬೇಡ ಮೇಡಂ. ಕೇಳಿದ್ದು ನಾನೇ, ತಪ್ಪು ನಂದೇ. ಆ ಹಳೇ ಆಟದ ಕೋಣೆ ಕೊಡಿ. ನನ್ನ ಹುಡುಗೀರು ಪಾಸಾಗ್ಬೇಕು."

"ಮತ್ತೆ ಹೊಸದನ್ನ ಏನು ಮಾಡೋಣ?" ಎಂದರು ಹೆಡ್‌ಮೇಡಂ.

ದೊಡ್ಡತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಆಟದ ನೆಲ. ಅವಳಿಗೇ ಕೊಡಿ" ಎಂದಳು. ಆ ಎರಡು ಮಾತು ಹೊರಗೆ ಬರಬೇಕಾದರೆ ಅವಳಿಗೆ ಎಷ್ಟು ಕಷ್ಟವಾಯಿತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಚಿಕ್ಕತ್ತಿಗೆ ಕುರ್ಚಿಯಿಂದ ಹಾರಿ ಬಂದಳು. "ಅಕ್ಕಾ! ನಿಜವಾಗ್ಲೂ ಕೊಡ್ತೀಯಾ? ಪುಟ್ಟ ಮಕ್ಕಳಿಗೆ ಲಾಗ ಕಲಿಸೋಕೆ ಜಾಗ ಇಲ್ಲ ಅಂತ ಒದ್ದಾಡ್ತಿದ್ದೆ!" ಎಂದು ಎಲ್ಲರ ಮುಂದೆ ತಬ್ಬಿಕೊಂಡಳು. ದೊಡ್ಡತ್ತಿಗೆ ಕಂಬದಂತೆ ನಿಂತಿದ್ದಳು.

ಅವತ್ತೇ ಸಾಗಾಟ. ಚಿಕ್ಕತ್ತಿಗೆ ತಾನೇ ಸೆರಗು ಕಟ್ಟಿ ನಿಂತು ಅರ್ಧಕ್ಕರ್ಧ ಮಿಷನ್ನು ಹೊತ್ತಳು, ಹಳೇ ಕೋಣೆಯನ್ನು ತಾನೇ ತೊಳೆದಳು. ನನಗೂ ಕೆಟ್ಟ ಕುತೂಹಲ. ಅವಳೊಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ: "ಅತ್ತಿಗೇ, ದೊಡ್ಡತ್ತಿಗೆ ಮೇಲೆ ನಿನಗೆ ಯಾವತ್ತಾದ್ರೂ ಹೊಟ್ಟೆಕಿಚ್ಚು ಬಂದಿತ್ತಾ?"

"ಹೊಟ್ಟೆಕಿಚ್ಚಾ? ಅಕ್ಕನ ಮೇಲಾ?" ಅವಳು ಕಸಬರಿಕೆ ಹಿಡಿದು ನಿಂತು ನಿಜವಾಗಿಯೂ ಯೋಚಿಸಿದಳು. "ಯಾಕೆ ಬರ್ಬೇಕು?" ಎಂದು ನಕ್ಕು ಬಕೆಟ್ಟು ಎತ್ತಿಕೊಂಡು ಹೋದಳು.

ಹುಡುಗಿಯರು ಪಾಸಾದರು, ಒಬ್ಬಳೂ ಬಿಡದೆ. ಪಟಪಟಿಗೆ ಕೆಲಸ ಸಿಕ್ಕಿತು. ಪರೀಕ್ಷಕಿ ಅಂಗಿಗಳನ್ನು ಒಳಗು ಹೊರಗು ಮಾಡಿ ನೋಡಿ, ಟೀಚರ್ ಯಾರು ಎಂದು ಕೇಳಿ ಕೈಕುಲುಕಿದರು. ಮನೆಯಲ್ಲಿ ದೊಡ್ಡಣ್ಣ ಕೂಡ ಪತ್ರಿಕೆ ಕೆಳಗಿಟ್ಟ. ಊಟದ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಕುಣಿದವಳು ಚಿಕ್ಕತ್ತಿಗೆ.

ಆಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ದೊಡ್ಡತ್ತಿಗೆ ಒರೆಸಿಡುತ್ತಿದ್ದಳು. ಒರೆಸುತ್ತಿದ್ದ ಕೈ ನಿಂತಿತು.

"ಸಂಕಟ ಆಗ್ತಿದೆ ಕಣೇ" ಎಂದಳು.

"ಇವತ್ತೂನಾ? ಇನ್ನೇನು ಬೇಕು ನಿನಗೆ?"

"ಎರಡೂ ಕಟ್ಟಡ ಅವಳಿಗೇ ಹೋಯ್ತು, ಹೋಗ್ಲಿ. ನಾನೇ ಕೊಟ್ಟೆ. ಆದ್ರೆ ಇಷ್ಟು ವರ್ಷ ನಾನು ಅವಳನ್ನ ನೋಡಿ ನೋಡಿ ಉರಿದೆ. ಅವಳು ಒಂದೇ ಒಂದು ದಿನ ನನ್ನ ನೋಡಿ ಉರಿಲಿಲ್ಲವಲ್ಲೇ. ನನ್ನ ಹತ್ರ ಅವಳಿಗೆ ಬೇಕು ಅನ್ಸುವಂಥದ್ದು ಏನೂ ಇರ್ಲಿಲ್ವಾ?"

ನಾನು ಕೈಲಿದ್ದ ಪಾತ್ರೆಯನ್ನೇ ಮತ್ತೆ ಉಜ್ಜಿದೆ. ಬಾಯಿ ಮಾತ್ರ ನನ್ನನ್ನು ಕೇಳದೆ ಮುಂದೆ ಹೋಯಿತು. "ಯಾರು ಹೇಳಿದ್ದು ಉರಿಲಿಲ್ಲ ಅಂತ? ನಿನ್ನ ಮೇಲೆ ಅವಳಿಗೆ ಕೆಂಡದಂಥ ಹೊಟ್ಟೆಕಿಚ್ಚು. ಮೊನ್ನೆ ಮಿಷನ್ನು ಸಾಗಿಸುವಾಗ ಅವಳೇ ನನ್ನ ಹತ್ರ ಹೇಳಿದ್ಲು."

ದೊಡ್ಡತ್ತಿಗೆ ತಟ್ಟೆ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದಳು. "ಹೌದಾ? ಏನಂದ್ಲು?"

"ಅಕ್ಕನ ಕೈ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ ಅಂದ್ಲು. ನಾನು ಇಷ್ಟು ವರ್ಷ ಓಡಿಸಿದ ಮಕ್ಕಳೆಲ್ಲ ದೊಡ್ಡವರಾದ ಮೇಲೆ ಓಡೋದು ಬಿಡ್ತಾರೆ, ಅಕ್ಕ ಕಲಿಸಿದ್ದು ಸಾಯೋವರೆಗೂ ಅನ್ನ ಹಾಕುತ್ತೆ, ಅಂಥ ಕೈ ನನಗಿಲ್ಲವಲ್ಲ ಅಂದ್ಲು."

ಅವಳು ನಲ್ಲಿ ನಿಲ್ಲಿಸಿದಳು, ನನ್ನ ಮಾತು ಸರಿಯಾಗಿ ಕೇಳಲಿ ಎಂದು. ಮುಖದಲ್ಲಿ ನಾನು ಎಂದೂ ನೋಡದ ಬೆಳಕು.

"ಇನ್ನೊಂದ್ಸಲ ಹೇಳೇ" ಎಂದಳು. "ಅವಳು ಹೇಳಿದ ಹಾಗೇ ಹೇಳು."