ದೊಡ್ಡಮ್ಮನ ರೆಕ್ಕೆ ಕಾಯ್ದವರು

ಬಾಂಬರ್ ವಿಮಾನಗಳ ಚರಿತ್ರೆಯಲ್ಲಿ ಹಾರಿಸಿದವರ ಹೆಸರು ಉಳಿಯುತ್ತದೆ. ಹಾರಬಹುದೆಂದು ಸಹಿ ಹಾಕಿದವರ ಹೆಸರು ಕಡತದಲ್ಲೇ ಮುಗಿಯುತ್ತದೆ. ಮೂವತ್ತೇಳು ವರ್ಷ ರೆಕ್ಕೆಗಳಲ್ಲಿ ಬಿರುಕು ಹುಡುಕುವುದನ್ನೇ ವೃತ್ತಿಯಾಗಿಸಿಕೊಂಡು, ಈ ವರ್ಷ ನಿವೃತ್ತರಾದ ನಮ್ಮ ಹಿರಿಯ ತಪಾಸಕಿಯವರನ್ನು ಇಡೀ ಕಾರ್ಯಾಗಾರ ‘ಅಕ್ಕ’ ಎಂದೇ ಕರೆಯಿತು. ಅವರ ಈ ಅಭಿನಂದನಾ ಸಂಪುಟದಲ್ಲೂ ನನಗೆ ಬೇರೆ ಹೆಸರು ಹೊಳೆಯುತ್ತಿಲ್ಲ.

ನಮ್ಮ ಏಳನೇ ನಂಬರಿನ ವಿಮಾನಕ್ಕೂ ಒಂದು ಅಡ್ಡಹೆಸರಿದೆ: ದೊಡ್ಡಮ್ಮ. ಇಪ್ಪತ್ತು ವರ್ಷ ಹಾರಿದರೆ ಸಾಕೆಂದು ಕಟ್ಟಿದ ಅದು ಅರವತ್ತು ದಾಟಿಯೂ ಹಾರುತ್ತಿದೆ. ಈಗಿನ ಪೈಲಟ್‌ನ ತಂದೆ, ಅಜ್ಜ ಇಬ್ಬರೂ ಅದನ್ನೇ ಹಾರಿಸಿದವರು. ಎಂಜಿನ್, ವೈರು, ಗಾಜು ಎಲ್ಲವೂ ಬದಲಾಗಿವೆ. ರೆಕ್ಕೆ ದೇಹಕ್ಕೆ ಸೇರುವ ಬುಡ ಮಾತ್ರ ಹಳೆಯದೇ. ಆ ಇಕ್ಕಟ್ಟಿನಲ್ಲಿ ಮೊಣಕಾಲೂರಿ, ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿದು ಅಕ್ಕ ತಮ್ಮ ಯೌವನವನ್ನು ಕಳೆದರು.

ನಾನು ಸೇರಿದ ಮೊದಲ ವಾರ, ಬಿರುಕಿನಂತೆ ಕಂಡ ಗೆರೆಯ ಎರಡು ತುದಿಗೂ ಜೇಬಿನಲ್ಲಿದ್ದ ಪೆನ್ಸಿಲ್‌ನಿಂದ ಗುರುತು ಹಾಕಿಬಿಟ್ಟೆ. ಪೆನ್ಸಿಲ್‌ನ ಪುಡಿ ಅಲ್ಯುಮಿನಿಯಂ ಅನ್ನು ಸದ್ದಿಲ್ಲದೆ ತಿನ್ನುತ್ತದೆಂದು ನನಗೆ ತಿಳಿದಿರಲಿಲ್ಲ.

“ಅಯ್ಯೋ ಪುಣ್ಯಾತ್ಗಿತ್ತಿ, ಬಿರುಕು ಹುಡುಕು ಅಂದ್ರೆ ಬಿರುಕು ಬಿತ್ತೋಕೆ ಹೊರಟ್ಯಲ್ಲೇ!” ಎಂದರು ಅಕ್ಕ. ಅರ್ಧ ದಿನ ಕೂತು ಆ ಗುರುತನ್ನು ಉಜ್ಜಿ ತೆಗೆದರು. ತಪ್ಪನ್ನು ಮುಚ್ಚಿಡಲಿಲ್ಲ, ಕಡತದಲ್ಲಿ ‘ಹೊಸಬರಿಗೆ ಹೇಳಿಕೊಡುವುದು ನನ್ನಿಂದ ತಪ್ಪಿತು’ ಎಂದು ಬರೆದು ತಾವೇ ಸಹಿ ಹಾಕಿದರು. ಆಮೇಲೆ ತಾವು ಗುರುತು ಹಾಕುತ್ತಿದ್ದ ಕೆಂಪು ಮೇಣದ ಕಡ್ಡಿಯನ್ನು ಎರಡು ತುಂಡು ಮಾಡಿ ಒಂದನ್ನು ನನಗೆ ಕೊಟ್ಟರು.

ಅವರ ಅತ್ತೆ ಬದುಕಿದ್ದಾಗ ನನ್ನೊಡನೆ ದೂರುತ್ತಿದ್ದರು: “ಮನೇಲಿರೋ ಮುದುಕಿ ಮಂಡಿನೋವು ಅಂದ್ರೆ ಎಣ್ಣೆ ಸೀಸೆ ತೋರಿಸ್ತಾಳೆ. ಅಲ್ಲಿರೋ ಮುದುಕಿಗೆ ದೀಪ ಹಿಡ್ಕೊಂಡು ಮೈಯೆಲ್ಲಾ ಸವರ್ತಾಳೆ!” ಅಕ್ಕ ನಗುತ್ತಲೇ ಎಣ್ಣೆ ಬಿಸಿ ಮಾಡಲು ಏಳುತ್ತಿದ್ದರು. ಯುದ್ಧದ ವಿಮಾನಕ್ಕೆ ಇಷ್ಟು ಮಮತೆಯೇ ಎಂದು ನಾನೊಮ್ಮೆ ಕೇಳಿದಾಗ ಮಾತ್ರ ನಗಲಿಲ್ಲ. “ಕೆಳಗಿರೋರಿಗೂ ಅಮ್ಮಂದಿರಿದ್ದಾರೆ, ಗೊತ್ತು ಕಣೇ. ಹೊತ್ಕೊಂಡು ಹೋಗಿದ್ದನ್ನ ಹೊತ್ಕೊಂಡೇ ವಾಪಸ್ ಬರಲಿ ಅಂತ ಪ್ರತಿ ಸಲ ಅಂದ್ಕೋತೀನಿ.”

ಅವರಿಗಿದ್ದ ಆಸೆ ಒಂದೇ. ನಿಂತ ವಿಮಾನದ ರೆಕ್ಕೆ ಭಾರಕ್ಕೆ ಜೋತುಬಿದ್ದಿರುತ್ತದೆ. ಹಾರಿದಾಗ ಅದೇ ರೆಕ್ಕೆಯ ತುದಿ ಆಳೆತ್ತರಕ್ಕೂ ಮಿಕ್ಕಿ ಮೇಲೇಳುತ್ತದೆ. ಎಷ್ಟು ಏಳುತ್ತದೆಂಬ ಲೆಕ್ಕ ಅಕ್ಕನಿಗೆ ಬಾಯಿಪಾಠ, ಕಣ್ಣಾರೆ ನೋಡಿದ್ದಿಲ್ಲ. ದೊಡ್ಡ ದುರಸ್ತಿಯ ನಂತರದ ಮೊದಲ ಹಾರಾಟದಲ್ಲಿ, ಸಹಿ ಹಾಕಿದವರಲ್ಲೊಬ್ಬರು ಕಿಟಕಿ ಪಕ್ಕದ ಹಿಂದಿನ ಆಸನದಲ್ಲಿ ಕೂರುವುದು ನಮ್ಮಲ್ಲಿನ ವಾಡಿಕೆ. ಬಹುಕಾಲ ಆ ಆಸನ ಹೆಂಗಸರಿಗೆ ಸಿಗಲಿಲ್ಲ. ಸಿಗುವಂತಾದ ಮೇಲೆ ಒಮ್ಮೆ ಅತ್ತೆಯ ಕಾಯಿಲೆ ಅಡ್ಡ ಬಂತು; ಇನ್ನೊಮ್ಮೆ, ನಿವೃತ್ತಿಯಾಗಲಿದ್ದ ಮುದುಕ ಮೆಕ್ಯಾನಿಕ್‌ಗೆ ಅಕ್ಕನೇ ತಮ್ಮ ಸರದಿಯನ್ನು ಬಿಟ್ಟುಕೊಟ್ಟರು. ಮೂರನೆಯ ಸರದಿ ಬಂದಾಗ ಸೇವೆಯಲ್ಲಿ ಉಳಿದದ್ದು ಒಂದೇ ತಿಂಗಳು.

ಹಾರಾಟದ ಹಿಂದಿನ ಮಧ್ಯಾಹ್ನ ಕೊನೆಯ ತಪಾಸಣೆ ನನ್ನದಾಗಿತ್ತು. ಎಡರೆಕ್ಕೆಯ ಬುಡದಲ್ಲಿ ಒಂದು ಸಣ್ಣ ಗೆರೆ ಕಂಡಿತು. ಕೆಳಗೆ ಅಕ್ಕ, ಅಳತೆಗೆ ದೊಡ್ಡದಾದ ಹಾರಾಟದ ಉಡುಪಿನ ತೋಳು ಮಡಚಿಕೊಳ್ಳುತ್ತಿದ್ದರು. ನಾನು ದೀಪವನ್ನು ಗೆರೆಯ ಮೇಲೇ ಹಿಡಿದುಕೊಂಡಿದ್ದೆ.

“ಏನೇ, ಅಲ್ಲೇ ನಿದ್ದೆ ಹೋದ್ಯಾ?”

“ಇಲ್ಲ ಅಕ್ಕಾ.”

“ಎಷ್ಟುದ್ದ ಇದೆ?”

“ಏನು?”

“ನೀನು ಹೇಳೋಕೆ ಹೆದರ್ತಿರೋದು.”

“ಅಕ್ಕಿಕಾಳಿನಷ್ಟು. ನಾಡಿದ್ದು ಬರೆದ್ರಾಗಲ್ವಾ ಅಕ್ಕಾ? ಒಂದು ಸುತ್ತು ಹಾರಿದ್ರೆ ಏನೂ ಆಗಲ್ಲ.”

“ಇದೇ ಮಾತನ್ನ ಆ ಪೈಲಟ್‌ನ ಅಮ್ಮನ ಮುಂದೆ ಹೇಳ್ತೀಯಾ?”

ಅದೇ ಉಡುಪಿನಲ್ಲಿ ಮೇಲೆ ಹತ್ತಿ ಬಂದು ದೀಪ ಹಿಡಿದರು. ನಾನು ಕೆಂಪು ಕಡ್ಡಿಯಿಂದ ಎರಡು ತುದಿಗೂ ಗುರುತು ಹಾಕಿ ತಾರೀಖು ಬರೆದೆ. ಅಷ್ಟು ಹೊತ್ತೂ ಅಕ್ಕನ ಕೈಯ ದೀಪ ಅಲುಗಲಿಲ್ಲ. ಕೆಳಗಿಳಿದ ಮೇಲೆ ಅಕ್ಕ ಮಡಚಿದ ತೋಳುಗಳನ್ನು ಬಿಚ್ಚಿ, ಉಡುಪನ್ನು ನೀಟಾಗಿ ಮಡಿಸಿ ಬೆಂಚಿನ ಮೇಲಿಟ್ಟರು.

ದುರಸ್ತಿಗೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಅಕ್ಕ ನಿವೃತ್ತರಾದರು. ಆ ಆಸನವೋ ಸೇವೆಯಲ್ಲಿರುವವರಿಗೆ ಮಾತ್ರ. ನಾನು ಬರೆದ ಎರಡು ಅರ್ಜಿಗಳೂ ವಾಪಸು ಬಂದವು. ಸರದಿ ನನಗೇ ಬಂತು. ಒಲ್ಲೆನೆಂದಾಗ ಅಕ್ಕ ಫೋನಿನಲ್ಲೇ ಗದರಿದರು: “ಹೋಗಿ ನೋಡ್ಕೊಂಡು ಬಾರೇ. ಯಾರಾದ್ರೂ ನೋಡಿ ಬಂದು ಹೇಳ್ಬೇಕಲ್ಲ ನಂಗೆ?”

ಕಳೆದ ವಾರ ಹೋಗಿ ಬಂದೆ. ಅಕ್ಕ ಬೇಲಿಯಾಚೆ ಕಾಯುತ್ತಿದ್ದರು. ಭಯವಾಯಿತೇ, ಊರು ಹೇಗೆ ಕಂಡಿತು ಎಂದೆಲ್ಲ ಕೇಳಲಿಲ್ಲ.

“ಎದ್ದಿತಾ?”

“ಎದ್ದಿತು ಅಕ್ಕಾ.”

“ಎಷ್ಟು?”

ಲೆಕ್ಕದ ಅಳತೆ ಅವರಿಗೆ ಗೊತ್ತೇ ಇತ್ತು. ನಾನು ಜೋಲುಬಿಟ್ಟ ತೋಳನ್ನು ಕಿಟಕಿಯಿಂದ ಕಂಡಷ್ಟೇ ನಿಧಾನವಾಗಿ ಎತ್ತುತ್ತಾ ಹೋದೆ. ಭುಜದ ಮಟ್ಟ ದಾಟಿ ನಿಲ್ಲಿಸಿದೆ. ಅಕ್ಕ ಬೇಲಿಯ ಸಂದಿಯಿಂದ ಕೈ ಚಾಚಿ, ತೋಳಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

ಬಿರುಕುಗಳ ಬಗ್ಗೆ ಅವರು ಬರೆದಿಟ್ಟ ಇಪ್ಪತ್ತಾರು ನೋಟ್‌ಬುಕ್‌ಗಳು ಹೊಸಬರಿಗೊಂದು ಕೈಪಿಡಿಯಾಗಲಿ. ಅದನ್ನು ಮುಗಿಸುವಷ್ಟು, ಮುಗಿಸಿದ ಮೇಲೆ ನಮ್ಮ ತಪ್ಪು ತಿದ್ದುವಷ್ಟು ದೀರ್ಘವಾದ ಆಯುಸ್ಸು ಅಕ್ಕನಿಗಿರಲಿ. ಆಸನದ ನಿಯಮ ಬದಲಿಸಿರೆಂದು ಮೂರನೆಯ ಅರ್ಜಿ ಹಾಕಿದ್ದೇನೆ. ಅಕ್ಕ ಆರೋಗ್ಯ ನೋಡಿಕೊಳ್ಳಲಿ. ದೊಡ್ಡಮ್ಮನ ಮುಂದಿನ ದೊಡ್ಡ ದುರಸ್ತಿಗೆ ಇನ್ನು ನಾಲ್ಕೇ ವರ್ಷ.