ಜೇನುಕಲ್ಲು ಕೆರೆ ಸುತ್ತುವ ಯಶೋಧರಾ

ನಮ್ಮ ಊರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳಲ್ಲಿ ಪಾತ್ರೆಪಗಡದ ಜೊತೆಗೆ ಸೈಕಲ್ಲನ್ನೂ ಇಳಿಸಿಕೊಂಡವಳು ಯಶೋಧರಾ ಒಬ್ಬಳೇ. ಟೆಂಪೊದಲ್ಲಿ ಮಂಚ, ಬೀರು, ಕೊಡಗಳು, ಅವುಗಳ ಮೇಲೆ ಅಡ್ಡಡ್ಡ ಮಲಗಿಸಿದ ಆ ಸೈಕಲ್ಲು. ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟದ್ದಂತೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಮುಂದಿನ ಬುಟ್ಟಿ ಸೊಟ್ಟಗಾಗಿತ್ತು. ನನ್ನ ಓರಗಿತ್ತಿ ಓಬಳಮ್ಮನ ಬಾಯಿ ಸುಮ್ಮನಿರುವುದಲ್ಲ. "ಇದೇನ್ಲಾ ಅಂಜನ, ಹೆಣ್ಣು ತಂದ್ಯೋ, ಪೋಸ್ಟ್‌ಮ್ಯಾನ್ ತಂದ್ಯೋ?" ಎಂದಳು. ಮದುಮಗ ಅಂಜನ್ ಕುಮಾರ್ ನಾಚಿ ತಲೆ ಬಗ್ಗಿಸಿದ. ಉತ್ತರ ಕೊಟ್ಟವಳು ಮದುಮಗಳು: "ಎರಡೂ ಒಂದ್ರಲ್ಲೇ ಬಂದೈತೆ ಬುಡಿ ಅತ್ತೆ, ಬಾಡಿಗೆ ಉಳೀತು."

ಅವತ್ತಿನಿಂದಲೇ ಓಬಳಮ್ಮನಿಗೂ ಅವಳಿಗೂ ಕುದುರಿಹೋಯಿತು ಸ್ನೇಹ. ಒಬ್ಬರನ್ನೊಬ್ಬರು ಕಂಡರೆ ಬೈದಾಡದೆ ಬಿಡುತ್ತಿರಲಿಲ್ಲ.

ಯಶೋಧರಾ ಹುಟ್ಟಿ ಬೆಳೆದದ್ದು ಶಿರಾ ಕಡೆ ತಾವರೆಕೆರೆಯಲ್ಲಿ. ಅಲ್ಲಿ ನೆಲವೆಲ್ಲ ಬಯಲು. ಕಣ್ಣು ಹಾಯಿಸಿದಷ್ಟು ದೂರ ಕಡಲೆಕಾಯಿ ಹೊಲ. ನಮ್ಮ ಜೇನುಕಲ್ಲು ಹಾಗಲ್ಲ. ಕೊರಟಗೆರೆ ಕಡೆಯಿಂದ ಘಾಟಿ ಹತ್ತಿ ಕಿವಿ ಗುಯ್ ಅನ್ನುವ ಹೊತ್ತಿಗೆ, ಸುತ್ತ ಬಂಡೆಬೆಟ್ಟ, ನಡುವೆ ಕೆರೆ. ಕೆಳಗಿನ ಊರುಗಳ ಕೆರೆ ಒಣಗಿದಾಗಲೂ ಇಲ್ಲಿ ಮೊಣಕಾಲುದ್ದ ನೀರಾದರೂ ಇರುತ್ತದೆ. ನಮಗೆ ಅದೊಂದು ದೊಡ್ಡ ವಿಷಯವೇ ಅಲ್ಲ. ಅವಳು ಮಾತ್ರ ಬಂದ ಮೊದಲ ವಾರ ಕೆರೆ ಏರಿಯ ಮೇಲೆ ನಿಂತು, "ಇಷ್ಟು ಎತ್ತರದಾಗೆ ಇಷ್ಟು ನೀರು ಹೆಂಗೆ ನಿಂತೈತೆ? ಆ ಕಡೆ ಏನೈತೆ?" ಎಂದು ಕೇಳಿದಳು. ಆ ಕಡೆ ಏನಿದೆ ಎಂದು ನಮ್ಮಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಕೆಲಸವಿಲ್ಲದೆ ಆ ಕಡೆ ಯಾರು ಹೋಗುತ್ತಾರೆ? ಮರುದಿನ ಸೈಕಲ್ ಹತ್ತಿ ಅವಳೇ ಹೋಗಿ ನೋಡಿಕೊಂಡು ಬಂದಳು.

ಆಮೇಲೆ ಅದು ಪ್ರತಿ ಭಾನುವಾರದ ರೂಢಿಯಾಯಿತು. ವಾರದ ದಿನಗಳಲ್ಲಿ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಕೆಲಸ. ಗಂಡ ಪಾವಗಡದ ಬಲಸಮುದ್ರದ ಹತ್ತಿರ ಸೋಲಾರ್ ಪಾರ್ಕಿನಲ್ಲಿ ಪಾಳಿ ಕೆಲಸ ಮಾಡುತ್ತಾನೆ. ರಜೆ ಸಿಕ್ಕಾಗ ಬರುತ್ತಾನೆ, ಬಂದಾಗ ತೆಲುಗು ಬೆರೆಸಿ ಮಾತಾಡಿ ಎಲ್ಲರನ್ನೂ ನಗಿಸಿ ಹೋಗುತ್ತಾನೆ. ಭಾನುವಾರ ಬೆಳಿಗ್ಗೆ ಮನೆಯ ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಕೆರೆ ಸುತ್ತಲು ಹೊರಟುಬಿಡುತ್ತಿದ್ದಳು. ಮೊದಮೊದಲು ಜನ ನಕ್ಕರು. ನಕ್ಕು ನಕ್ಕು ಅವರಿಗೇ ಬೇಜಾರಾಯಿತು. ಅವಳಿಗೆ ಬೇಜಾರಾಗಲಿಲ್ಲ.

ಒಂದು ಸಲ ನಾನೇ ಕೇಳಿದೆ, "ಒಬ್ಬಳೇ ಸುತ್ತಿ ಸುತ್ತಿ ಏನ್ ಸಿಕ್ತದೆ ಕಣಮ್ಮ ನಿಂಗೆ?"

ಅವಳು ಸೈಕಲ್ಲಿನ ಸೊಟ್ಟ ಬುಟ್ಟಿಯನ್ನು ನೆಟ್ಟಗೆ ಮಾಡುತ್ತ ಹೇಳಿದಳು, "ಸಿಕ್ಕೋದೆಲ್ಲ ಸಿಕ್ತದೆ ಅತ್ತೆ. ಬಂಡೆ ಮ್ಯಾಲೆ ನವಿಲು ಕೂತಿರ್ತದೆ. ನೀರಿನ ಬಣ್ಣ ಗಳಿಗೆಗೊಂದು ಥರ ಆಯ್ತದೆ. 'ಅಗೋ ನೋಡು' ಅನ್ನಾಕೆ ಪಕ್ಕದಾಗೆ ಒಂದು ಜೀವ ಇಲ್ಲ. ಮನೆಗೆ ಬಂದು ಹೇಳಿದ್ರೆ ಅದು ಆರಿದ ಕಾಫಿ ಆಗೋಗಿರ್ತದೆ. ಒಬ್ಬಳೇ ಸುತ್ತಿದ್ದು ಸಾಕಾಗೈತೆ."

ಸದಾ ನಗುವ ಹುಡುಗಿಯ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ತವರಿಗೆ ಹೋದಾಗಲೆಲ್ಲ ಅವಳು ಶಿರಾದ ನಿಯಾಜ್ ಅಹಮದ್ ಅವರ ಸೈಕಲ್ ಅಂಗಡಿಗೆ ಹೋಗಿ ಗಾಲಿ ಸರಿ ಮಾಡಿಸಿಕೊಳ್ಳುತ್ತಿದ್ದಳು. ಆ ನಿಯಾಜ್ ಒಂದು ಸೈಕಲ್ ಗುಂಪು ಕಟ್ಟಿದ್ದರು. ಮೇಷ್ಟ್ರುಗಳು, ಬ್ಯಾಂಕಿನವರು, ಬಟ್ಟೆ ಅಂಗಡಿಯವರು ಎಲ್ಲ ಸೇರಿ ಭಾನುವಾರ ಒಂದೊಂದು ದಾರಿ ಹಿಡಿದು ಹೋಗಿಬರುವುದು. ನಮ್ಮ ಕೆರೆಗೂ ಬನ್ನಿ ಎಂದು ಯಶೋಧರಾ ಕೇಳಿದಳು. ಅವರು ನಕ್ಕರು. ಮತ್ತೆ ಕೇಳಿದಳು. ಕಡೆಗೆ ಅವರು, "ನೋಡಮ್ಮ, ಒಂದು ಸಲ ಬರ್ತೀವಿ. ದಾರಿ ಹೊಂದಿದ್ರೆ ತಿಂಗಳಿಗೊಂದು ಭಾನುವಾರ ನಿಮ್ಮ ಕೆರೆಗೇ. ಹೊಂದಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರ್ದು. ಪಕ್ಕಾ?" ಎಂದರು.

"ಪಕ್ಕಾ" ಎಂದು ಬಂದಳು.

ಅವತ್ತಿನಿಂದ ಅವಳ ಓಡಾಟ ನೋಡಬೇಕಿತ್ತು. ಗುಂಡಿ ಎಲ್ಲಿದೆ, ನೆರಳು ಎಲ್ಲಿದೆ, ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಎಲ್ಲ ನೋಡಿದಳು. ಕತ್ತೆದಿಣ್ಣೆ ಅಂತ ಕೆರೆಯ ಆಚೆ ಬದಿ ಒಂದು ಕಡಿದಾದ ಏರು ಇದೆ. ಅದನ್ನು ಹತ್ತಬೇಕಾಗದೆ ಇಳಿಯುವಂತೆ ಆಗಲೆಂದು ಮೊದಲು ಏರಿಯ ರಸ್ತೆ, ಆಮೇಲೆ ಹಟ್ಟಿ, ಕಡೆಗೆ ದಿಣ್ಣೆ ಎಂದು ಸುತ್ತನ್ನು ಗೊತ್ತು ಮಾಡಿದಳು. ಮನೆಮನೆಗೆ ಹೋಗಿ ನಾಯಿ ಕಟ್ಟಿಹಾಕಲು ಹೇಳಿದಳು. ಸಣ್ಣರಂಗಯ್ಯನ ನಾಯಿಯೊಂದು ಸೈಕಲ್ ಕಂಡರೆ ಬಿಡುತ್ತಿರಲಿಲ್ಲ. "ನನ್ನೇ ಬೇಕಾದ್ರೆ ಕಟ್ಟಾಕು ತಾಯಿ, ಅದು ಕಟ್ಟಿಸ್ಕೊಳ್ಳಾಕಿಲ್ಲ" ಎಂದು ಅವನು ಕೈಮುಗಿದ. ಆ ದಿನ ನಾಯಿಯನ್ನು ತೋಟಕ್ಕೆ ಕರೆದುಕೊಂಡು ಹೋಗುವುದೆಂದು ಒಪ್ಪಂದವಾಯಿತು.

ಇಷ್ಟೆಲ್ಲ ಯೋಚಿಸಿದವಳು ಒಂದನ್ನು ಯೋಚಿಸಲಿಲ್ಲ. ಅವಳೊಬ್ಬಳೇ ಏನು, ಊರಿನಲ್ಲಿ ಯಾರೂ ಯೋಚಿಸಲಿಲ್ಲ.

ನಮ್ಮ ಕಡೆ ಈಗ ಕಣ ಮಾಡಿ ಎತ್ತಿನಿಂದ ಕಲ್ಲಿನ ಗುಂಡು ಎಳೆಸಿ ಒಕ್ಕುವವರು ಇಲ್ಲ. ಒಣಗಿದ ಹುರುಳಿಯನ್ನು ಬಳ್ಳಿ ಸಮೇತ ಟಾರು ರಸ್ತೆಯ ಮೇಲೆ ಹಾಸಿಬಿಡುತ್ತೇವೆ. ಹಾಲಿನ ಟೆಂಪೊ, ಟ್ರ್ಯಾಕ್ಟರು, ಮಧ್ಯಾಹ್ನದ ಬಸ್ಸು ತುಳಿದುಕೊಂಡು ಹೋದರೆ ಕಾಳು ಉದುರುತ್ತದೆ. ಬಸ್ಸು ಹೋದ ಮೇಲೆ ಎತ್ತಿ ತೂರಿಕೊಳ್ಳುವುದು. ಸಂಕ್ರಾಂತಿಯ ಹಿಂದುಮುಂದು ಏರಿಯ ರಸ್ತೆ ಪೂರ್ತಿ ಹೀಗೇ. ನಮ್ಮ ಕಣ್ಣಿಗೆ ಅದು ರಸ್ತೆಯೇ. ಯಶೋಧರಾ ಪ್ರತಿವರ್ಷ ತನ್ನ ದಪ್ಪ ಗಾಲಿಯ ಸೈಕಲ್ಲನ್ನು ಅದರ ಮೇಲೆಯೇ ಹೊಡೆದುಕೊಂಡು ಹೋಗುತ್ತಿದ್ದಳು.

ಅವರು ಬರುವ ಭಾನುವಾರ ಬೆಳಿಗ್ಗೆ ನಾನೂ ಓಬಳಮ್ಮನೂ ಹುರುಳಿ ಹಾಸಿ ಮುಗಿಸಿದ್ದೆವು. ಘಾಟಿಯ ತಲೆಯಲ್ಲಿ ಕಾದಿದ್ದು ಗುಂಪನ್ನು ಕರೆತಂದ ಯಶೋಧರಾ ಎಲ್ಲರಿಗಿಂತ ಮುಂದೆ, ಬೆಲ್ಲು ಹೊಡೆಯುತ್ತ ಬಂದಳು. ಹುರುಳಿಯ ಮೇಲೆ ಸರಸರ ದಾಟಿಯೇ ಬಿಟ್ಟಳು. ಹಿಂದೆ ಬರುತ್ತಿದ್ದವಳು ನಿಯಾಜ್ ಅವರ ತಂಗಿ ಸಾದಿಯಾ, ಶಿರಾದಲ್ಲಿ ಲೆಕ್ಕದ ಟೀಚರ್. ಅವಳದು ತೆಳು ಗಾಲಿಯ ಗೇರ್ ಸೈಕಲ್ಲು. ನಾಲ್ಕು ಮಾರು ಬರುವಷ್ಟರಲ್ಲಿ ಬಳ್ಳಿ ಚೈನಿಗೆ ಸುತ್ತಿಕೊಂಡು ಗಾಲಿ ಗಕ್ಕನೆ ನಿಂತಿತು. ಹುಡುಗಿ ಹುರುಳಿಯ ಮೇಲೆ ಮಲಗಿಬಿಟ್ಟಳು.

ಉಳಿದವರೆಲ್ಲ ಬ್ರೇಕ್ ಹಿಡಿದರು.

"ಇದೇನು?" ಎಂದರು ನಿಯಾಜ್.

"ಏನು ಸಾರ್?" ಎಂದಳು ಯಶೋಧರಾ. ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಇದು! ರಸ್ತೆ ಮೇಲೆ!"

"ಹುರುಳಿ ಸಾರ್."

"ಅದು ಕಾಣಿಸ್ತದಮ್ಮ. ರಸ್ತೆ ಎಲ್ಲಿ?"

ಅಷ್ಟರಲ್ಲಿ ಓಬಳಮ್ಮ ಸಾದಿಯಾಳನ್ನು ಎಬ್ಬಿಸಿ, ಮೈಕೈ ನೋಡಿ, ಕುಕ್ಕರಗಾಲಲ್ಲಿ ಕೂತು ಚೈನಿನಿಂದ ಬಳ್ಳಿ ಬಿಡಿಸತೊಡಗಿದ್ದಳು. ಕೈ ಬಿಡಿಸುತ್ತಿದ್ದರೂ ಬಾಯಿ ಬಿಡಬೇಕಲ್ಲ! "ನಿಮ್ ಗಾಲಿ ನೋಡ್ರಪ್ಪ, ನನ್ ಹೆಬ್ಬೆಟ್ಟಿನಷ್ಟು ಐತೆ. ಇಷ್ಟು ಜನ ತುಳಿದ್ರೂ ಒಂದು ಬೊಗಸೆ ಕಾಳು ಉದುರಾಕಿಲ್ಲ. ಇನ್ನೊಂದು ಸಲ ಬಂದ್ರೆ ಲಾರಿ ತಗಂಡು ಬನ್ನಿ!"

ಸಾದಿಯಾ ಮೊದಲು ನಕ್ಕಳು. ಯಶೋಧರಾ ಮಾತ್ರ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. "ನಾನು ಗುಂಡಿ ನೋಡ್ದೆ, ನಾಯಿ ನೋಡ್ದೆ. ಇದು ನನ್ ಕಣ್ಣಿಗೆ ಬೀಳಲೇ ಇಲ್ಲ ಸಾರ್" ಎಂದಳು.

ನಿಯಾಜ್ ಅವರಿಗೂ ಪಾಪ ಅನ್ನಿಸಿರಬೇಕು. "ಅಮ್ಮಾ, ಒಂದು ಅಂಚಿಗೆ ಸ್ವಲ್ಪ ಸರಿಸಿಕೊಟ್ರೆ ದಾಟಿಬಿಡ್ತೀವಿ" ಎಂದು ಓಬಳಮ್ಮನನ್ನು ಕೇಳಿದರು.

ಓಬಳಮ್ಮ ಎದ್ದು ನಿಂತು ಯಶೋಧರಾಳ ಮುಖ ನೋಡಿದಳು. ಆಮೇಲೆ ರಸ್ತೆಯುದ್ದಕ್ಕೂ ಹಾಸಿದ್ದ ಬೆಳೆ ನೋಡಿದಳು. ಮೂಡಲ ದಿಕ್ಕಿಗೆ ಮೋಡ ಇತ್ತು. "ನೀನ್ ಹೂಂ ಅನ್ನೆ, ಎತ್ತಿಬುಡ್ತೀನಿ" ಎಂದಳು. ಇವಳು ಇನ್ನೊಬ್ಬರಿಗಾಗಿ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹೂಂ ಅಂದಿದ್ದರೆ ಆಗುತ್ತಿತ್ತು. ಯಶೋಧರಾ ತಲೆಯಾಡಿಸಿದಳು. "ಬ್ಯಾಡ ಅತ್ತೆ. ಎತ್ತಿ ಗುಡ್ಡೆ ಹಾಕಿದ್ರೆ ಮತ್ತೆ ಹಾಸೋ ಹೊತ್ಗೆ ಮಧ್ಯಾಹ್ನದ ಬಸ್ ಹೊಂಟೋಯ್ತದೆ. ನಾಳೆ ಮಳೆ ಬಂದ್ರೆ ಕಾಳೆಲ್ಲ ಕಪ್ಪಾಯ್ತದೆ." ಆಮೇಲೆ ನಿಯಾಜ್ ಕಡೆ ತಿರುಗಿದಳು. "ಸಾರ್, ಸುತ್ತನ್ನ ತಿರುಗಾ ಮುರುಗಾ ಮಾಡಾನ. ಕತ್ತೆದಿಣ್ಣೆ ಮೊದಲು ಹತ್ತಿ ಆ ಕಡೆಯಿಂದ ಬಂದ್ರೆ, ಇಲ್ಲಿಗೆ ಬರೋ ಹೊತ್ಗೆ ಬಸ್ ಹೋಗಿರ್ತದೆ, ಇವರು ಎತ್ತಿರ್ತಾರೆ. ಆದ್ರೆ ದಿಣ್ಣೆ ಕಷ್ಟ. ನಾನೇ ಇಳಿದು ತಳ್ಕೊಂಡು ಹೋಗ್ತೀನಿ. ಸುಳ್ಳು ಹೇಳಾಕಿಲ್ಲ."

ಅವರು ಹಾಗೇ ಹೋದರು. ದಿಣ್ಣೆಯಲ್ಲಿ ಏನಾಯಿತು ಎಂದು ಆಮೇಲೆ ಕೇಳಿ ತಿಳಿದೆ. ಮೊದಲ ತಿರುವಿನಲ್ಲೇ ಯಶೋಧರಾ ಇಳಿದಳು. ಆಮೇಲೆ ಬ್ಯಾಂಕಿನವರು ಇಳಿದರು, ಆಮೇಲೆ ಮೇಷ್ಟ್ರುಗಳು. ನಿಯಾಜ್ ಒಬ್ಬರೇ ಹಲ್ಲು ಕಚ್ಚಿಕೊಂಡು ತುಳಿದರಂತೆ. ಮೇಲಿನ ಬಂಡೆಯ ಹತ್ತಿರ ಅವರೂ ಇಳಿದು, "ಯಾ ಅಲ್ಲಾ" ಎಂದು ಕೂತುಬಿಟ್ಟರಂತೆ. ಸಾದಿಯಾ, ಯಶೋಧರಾ ಇಬ್ಬರೂ ಎಲ್ಲರಿಗಿಂತ ಹಿಂದೆ, ಮಾತಾಡಿಕೊಂಡು ಸೈಕಲ್ ತಳ್ಳಿಕೊಂಡು ಬಂದರಂತೆ.

ಏರಿಗೆ ಮರಳಿ ಬಂದಾಗ ಹೊತ್ತು ಇಳಿದಿತ್ತು. ಬಸ್ಸು ತುಳಿದು ಹೋಗಿತ್ತು, ನಾವು ಹುರುಳಿ ಎತ್ತಿ ರಸ್ತೆ ಗುಡಿಸಿದ್ದೆವು. ಎಲ್ಲರ ಮುಖವೂ ಬಿಸಿಲಿಗೆ ಕೆಂಪಾಗಿತ್ತು. ನೀರು ಕುಡಿದು ನಿಯಾಜ್ ಓಬಳಮ್ಮನನ್ನು ಕೇಳಿದರು, "ಈ ರಸ್ತೆ ಖಾಲಿ ಇರೋದು ಯಾವಾಗಮ್ಮ?"

"ಈಗ ಹುರುಳಿ. ಇದಾದ್ಮೇಲೆ ರಾಗಿ. ಆಮೇಕೆ ಹುಣಸೇಹಣ್ಣು ಒಣಗಾಕ್ತೀವಿ. ಮಳೆಗಾಲದಾಗೆ ಬನ್ನಿ, ಯಾರೂ ಏನೂ ಹಾಕಾಕಿಲ್ಲ."

"ಮಳೆಗಾಲದಲ್ಲಿ ಆ ಕಡೆ ಹಟ್ಟಿ ರಸ್ತೆ?"

ಯಶೋಧರಾ ತಾನೇ ಹೇಳಿದಳು. "ಕೆಸರು ಸಾರ್. ಗಾಲಿ ಹೂತೋಯ್ತದೆ."

ನಿಯಾಜ್ ಅವಳನ್ನೇ ನೋಡಿದರು. "ನಿಮ್ಮ ಕೆರೆ ಚೆನ್ನಾಗಿದೆ. ಇಂಥದ್ದು ನಮ್ಮ ಕಡೆ ಇಲ್ಲ. ಆದ್ರೆ ಇದು ಗುಂಪು ಕಟ್ಕೊಂಡು ಬರೋ ದಾರಿ ಅಲ್ಲಮ್ಮ. ವಯಸ್ಸಾದೋರು ಇದ್ದಾರೆ. ಮಾಫ್ ಮಾಡು."

"ಆಯ್ತು ಸಾರ್. ಬಂದ್ರಲ್ಲ" ಎಂದಳು. ಘಾಟಿಯ ತಲೆಯವರೆಗೂ ಹೋಗಿ ಕಳಿಸಿಬಂದಳು. ಬಂದವಳೇ ನಮ್ಮ ಜೊತೆ ಕೂತು ಕಾಳು ಕೇರಿದಳು. ಓಬಳಮ್ಮ ಅವತ್ತು ಬೈಯದೆ ಅವಳ ಮೊರಕ್ಕೆ ಕಾಳು ಸುರಿಯುತ್ತಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿನ ಮೇಲಿಂದ ಒಂದು ಸೈಕಲ್ ಇಳಿಸಿದರು. ಹಿಂದೆಯೇ ಸಾದಿಯಾ ಇಳಿದಳು, ಒಬ್ಬಳೇ. ಅವತ್ತು ಅವಳು ಗೇರ್ ಸೈಕಲ್ ತಂದಿರಲಿಲ್ಲ. ಅಣ್ಣನ ಅಂಗಡಿಯಿಂದ ಒಂದು ಹಳೇ ದಪ್ಪ ಗಾಲಿಯದು ತಂದಿದ್ದಳು.

"ಯಾಕವ್ವ, ಮತ್ತೆ ಬೀಳಾಕೆ ಬಂದ್ಯಾ?" ಎಂದು ಓಬಳಮ್ಮ ಕೂಗಿದಳು.

"ಇಲ್ಲ ಅಮ್ಮಾ, ತಳ್ಕೊಂಡು ಹೋಗೋಕೆ ಬಂದೆ!" ಎಂದು ಅವಳೂ ಕೂಗಿದಳು. ಹತ್ತಿರ ಬಂದು ಯಶೋಧರಾಳಿಗೆ ಹೇಳಿದಳು, "ಭಾಯಿ ಗುಂಪಲ್ಲಿ ಎಷ್ಟು ವರ್ಷ ಹೋದೆ. ಎಲ್ಲರೂ ಮುಂದೆ ನೋಡ್ಕೊಂಡು ತುಳೀತಾರೆ, ಯಾರೂ ಮಾತಾಡೋ ಹಾಗಿಲ್ಲ, ಉಸಿರು ಸಾಲದು. ಮಾತಾಡಿದ್ದು ನಿಮ್ಮ ದಿಣ್ಣೇಲಿ ಮಾತ್ರ. ಅವತ್ತಿನದು ಅರ್ಧಕ್ಕೆ ನಿಂತಿತ್ತಲ್ಲ ಅಕ್ಕ."

ಯಶೋಧರಾ ಒಳಗೆ ಹೋಗಿ ಚಿತ್ರಾನ್ನದ ಡಬ್ಬಿಗೆ ಇನ್ನೊಂದಿಷ್ಟು ತುಂಬಿಕೊಂಡು ಬಂದಳು.

ಅಲ್ಲಿಂದ ಬಿಡುವಾದ ಭಾನುವಾರಗಳಲ್ಲಿ ಸಾದಿಯಾ ಬರುತ್ತಲೇ ಇದ್ದಾಳೆ. ಅವರಿಬ್ಬರಿಗೆ ಜಗಳ ಆದದ್ದು ಒಂದೇ ಸಲ. ಬಂದು ಬಂದು ಸಾದಿಯಾಳ ಕಾಲಿಗೆ ಬಲ ಬಂದಿತ್ತು. ಒಂದು ದಿನ ದಿಣ್ಣೆಯ ಮೊದಲ ತಿರುವಿನಲ್ಲಿ ಇಳಿಯದೆ, ಎದ್ದು ನಿಂತು ತುಳಿದುಕೊಂಡು ಮೇಲಕ್ಕೆ ಹೊರಟೇಬಿಟ್ಟಳಂತೆ. ಹಿಂದಿನಿಂದ ಯಶೋಧರಾ ಕೂಗಿದಳಂತೆ:

"ಲೇ ಟೀಚರಮ್ಮ, ನೀನು ಅಂಗೆ ಹತ್ಬುಟ್ರೆ ನಾನ್ಯಾರ ಜೊತೆ ಮಾತಾಡ್ಲಿ? ಇಳಿಯೇ ಕೆಳಕ್ಕೆ!"

ಸಾದಿಯಾ ಇಳಿದಳಂತೆ.