ಒಲೆ ಲೆಕ್ಕದ ಫಜಲುಲ್ಲಾ

ಆ ಕಾಲಕ್ಕೆ ಶಿರಾದಲ್ಲಿ ಮದುವೆ ಅಡುಗೆ ಎಂದರೆ ಫಜಲುಲ್ಲಾನದೇ. ಅವನ ಖೂರ್ಮಾದ ಘಮ ಬೀದಿಗೆ ಬಂತೆಂದರೆ ಹೊಟ್ಟೆ ತುಂಬಿದವನೂ ನಿಂತುಬಿಡುತ್ತಿದ್ದ. ಅಂಥವನು ತಲೆ ಮೇಲೆ ಕೈ ಹೊತ್ತು ನಿಂತದ್ದು ಒಂದೇ ಸಲ, ಅದೂ ಸ್ವಂತ ಮಗಳು ಫಕ್ರುನ್ನೀಸಾಳ ಮದುವೆಯಲ್ಲಿ!

ಅವರ ಬೀದಿಯಲ್ಲಿ ಮದುವೆಗೆ ಕರೆಯುವಾಗ, "ಇವತ್ತು ನಿಮ್ಮನೆ ಒಲೆ ಹಚ್ಚಬ್ಯಾಡಿ" ಎನ್ನುತ್ತಿದ್ದರು. ಅಷ್ಟೆಂದರೆ ಮನೆಮಂದಿಯನ್ನೆಲ್ಲ ಕರೆದಂತೆಯೇ. ಒಲೆಗಿಷ್ಟು ಸೇರು ಅಕ್ಕಿ ಎಂಬುದು ಫಜಲುಲ್ಲಾನ ಅಪ್ಪ ಹಾಕಿಕೊಟ್ಟ ಲೆಕ್ಕ. ಬೇರೆಯವರ ಮದುವೆಗಳಲ್ಲಿ ಮನೆಯವರೇ ಹೆದರಿ ಒಂದು ಮೂಟೆ ಹೆಚ್ಚಿಗೆ ತರಿಸುತ್ತಿದ್ದರು. ಈಗ ಅರವತ್ತೈದನೇ ಇಸವಿ, ದುಡ್ಡಿದ್ದರೂ ಅಕ್ಕಿ ಸಿಗದು. ಅಪ್ಪನ ಲೆಕ್ಕ ನಂಬಿ ಅಷ್ಟೇ ಅಕ್ಕಿ ತಂದ. ಖೂರ್ಮಾ ಮಾತ್ರ ಮಗಳ ಮೇಲಿನ ಆಸೆಗೆ ಒಂದು ಹಂಡೆ ಜಾಸ್ತಿಯೇ ಮಾಡಿದ.

ಬೀಗರು ಪಾವಗಡದವರು. ಅವರು ನಮಾಜು ಮುಗಿಸಿ ಬರುವಷ್ಟರಲ್ಲಿ ಬೀದಿಯವರಿಗೆ ಬಡಿಸಿಬಿಡೋಣ ಎಂದು ಹೊರಟದ್ದೇ ಎಡವಟ್ಟಾಯಿತು. ಜನ ಬಂದರು ನೋಡಿ! ಅಪ್ಪನ ಕಾಲದಲ್ಲಿ ಗಂಡ ಹೆಂಡತಿ, ಎರಡು ಮಕ್ಕಳಿದ್ದ ಖಾಜಾಬಿಯ ಮನೆಯಿಂದ ಈಗ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸಾಲುಗಟ್ಟಿ ಇಳಿದರು. ಕೂಸುಗಳು ಸಾಯುವುದು ಕಡಿಮೆಯಾಗಿತ್ತಲ್ಲ, ಪುಣ್ಯ! ಒಲೆ ಮಾತ್ರ ಅದೇ ಒಂದು.

ಖುಷ್ಕ ಅನ್ನದ ಹಂಡೆಯ ತಳ ಸೌಟಿಗೆ ತಗುಲಿದ್ದೇ ಫಜಲುಲ್ಲಾ ತಲೆ ಮೇಲೆ ಕೈ ಹೊತ್ತು ನಿಂತ. ಬೀಗರಿನ್ನೂ ಕೂತೇ ಇಲ್ಲ!

ಆಚೆ ಬೀದಿಯ ಅಶ್ವತ್ಥಮ್ಮ ಹಿತ್ತಲ ಗೋಡೆಯಾಚೆಯಿಂದ ಕೂಗಿದಳು: "ಯಾಕ್ ಫಜಲಣ್ಣ, ಇಂಗ್ ನಿಂತ್ಬುಟ್ಟೆ?"

"ಅನ್ನ ಮುಗ್ದೋಯ್ತು ಕಣಕ್ಕ. ಬೀಗರಿಗೆ ಹೆಂಗ್ ಮಕ ತೋರ್ಸ್ಲಿ?"

"ಖೂರ್ಮಾ ಐತಾ?"

"ಐತೆ."

"ಮತ್ಯಾಕ್ ಅಳ್ತೀಯ? ರಾಗಿಗೇನ್ ಬರ ಬಂದೈತಾ? ಏ ಕೆಂಚಮ್ಮ, ಎಸರಿಡೇ!"

ಆಮೇಲೆ ಕೇಳಬೇಕೆ! ಆಚೆ ಬೀದಿಯ ಮನೆಮನೆಯಲ್ಲೂ ಒಲೆ ಹೊತ್ತಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಹೆಂಗಸರು ಹಿಟ್ಟು ತೊಳಸಿದರು. ಬಿಸಿ ಮುದ್ದೆಗಳು ಬುಟ್ಟಿಬುಟ್ಟಿಯಾಗಿ ಗೋಡೆ ದಾಟಿ ಬಂದವು.

ಬೀಗ ಅಹಮದ್ ಷರೀಫ್ ಕೂತ. ಮದುವೆಯೂಟಕ್ಕೆ ಮುದ್ದೆ! ಫಜಲುಲ್ಲಾ ಅದರ ಮೇಲೆ ಖೂರ್ಮಾ ಸುರಿದ. ಚಪ್ಪರದವರೆಲ್ಲ ಕತ್ತು ಚಾಚಿ ನೋಡಿದರು. ಷರೀಫ್ ಒಂದು ತುತ್ತು ಮುರಿದು, ಖೂರ್ಮಾದಲ್ಲಿ ಹೊರಳಿಸಿ, ಗುಳುಂ ಎಂದು ನುಂಗಿದ.

"ಇನ್ನೊಂದ್ ಹಾಕಿ ಭಾಯ್!" ಎಂದ.

ಚಪ್ಪರವೇ ಹಾರಿಹೋಗುವಂತೆ ಜನ ನಕ್ಕರು. ಫಜಲುಲ್ಲಾ ಕುಣಿಯುವುದೊಂದು ಬಾಕಿ, ಓಡಾಡಿ ಓಡಾಡಿ ಬಡಿಸಿದ.

ಎಲ್ಲ ಮುಗಿದ ಮೇಲೆ ಹೆಂಡತಿ ಅಮೀನಾಬಿ ಒಳಗಿನಿಂದ, "ಮಗಳು ಬೆಳಗ್ಗಿಂದ ಉಪಾಸ ಅವಳೆ" ಎಂದಳು. ಫಜಲುಲ್ಲಾ ಉಳಿದಿದ್ದ ಮುದ್ದೆ, ಖೂರ್ಮಾ ಹಿಡಿದು ಹೋಗಿ, ತಾನೇ ತುತ್ತು ಅದ್ದಿ ಅವಳ ಬಾಯಿಗಿಟ್ಟ. ನುಂಗಿ, ನಗುತ್ತಲೇ ಅವಳು ಹೇಳಿದಳು: "ನಾಳೆಯಿಂದ ನಮ್ಮನೆ ಒಲೆಗೆ ಒಂದು ಬಾಯಿ ಕಡ್ಮೆ, ಅಬ್ಬಾಜಾನ್."

ದಿನವಿಡೀ ಬಾಯಿ ಹೆಚ್ಚಾಯಿತೆಂದು ಹೆದರಿ ಸತ್ತಿದ್ದ ಫಜಲುಲ್ಲಾ ಆಗ ಗೊಳೋ ಎಂದು ಅತ್ತುಬಿಟ್ಟ.